ಒಂದೇ ಸಲ ಕರೆದು ಹೋಗುವಾಕೆ

ರಾತ್ರಿ ನಿಮ್ಮ ಮನೆ ಮುಂದೆ ಯಾರೋ ನಿಂತು ಹೆಸರು ಹಿಡಿದು ಕೂಗಿದರೆ ನೀವೇನು ಮಾಡುತ್ತೀರಿ? 'ಯಾರು?' ಅನ್ನುತ್ತಾ ಎದ್ದು ಬಾಗಿಲು ತೆರೆಯುತ್ತೀರಾ? ಹಾಗಾದರೆ ನೀವು ನಮ್ಮ ಕಡೆಯವರಲ್ಲ, ಬಿಡಿ.

ನಮ್ಮ ಸಿಂಧನೂರಿನಲ್ಲಿ ಕತ್ತಲಾದ ಮೇಲೆ ಮೊದಲನೇ ಕೂಗಿಗೆ ಯಾರೂ ಓ ಅನ್ನುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಕರೆದರೆ ಮಾತ್ರ ಎದ್ದು ಲೈಟು ಹಾಕುತ್ತೇವೆ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದೆ ಅಂತ ನಂಬಿಕೆ. ಆ ಒಂದೇ ಕೂಗಿಗೆ ಓ ಅಂದವರು ಅದರ ಹಿಂದೆ ಎದ್ದು ನಡೆದುಬಿಡುತ್ತಾರಂತೆ, ತಿರುಗಿ ಬರುವುದಿಲ್ಲವಂತೆ. (ನನ್ನ ಗಂಡ ಅಂಗಡಿ ಬಾಗಿಲು ಹಾಕಿ ತಡವಾಗಿ ಬಂದ ದಿನ ಗೇಟಿನ ಹತ್ತಿರ ನಿಂತು ನನ್ನ ಹೆಸರನ್ನು ಮೂರು ಸಲ ಕೂಗುತ್ತಾರೆ. ಮೊಬೈಲ್ ಇದೆಯಲ್ಲ ಅನ್ನಬೇಡಿ. ನಮ್ಮ ಅತ್ತೆಗೆ ಮೊಬೈಲಿನ ಮೇಲೆ ಅಷ್ಟು ಭರವಸೆ ಇಲ್ಲ.)

ಇದನ್ನೆಲ್ಲ ನಾನು ನಂಬುವುದಿಲ್ಲ. ಇದೇ ಅಂಕಣದಲ್ಲಿ ನಿಂಬೆಹಣ್ಣು ಕಟ್ಟುವವರನ್ನು, ದೃಷ್ಟಿ ತೆಗೆಸುವವರನ್ನು, ಅಮಾವಾಸ್ಯೆಗೆ ಹೆದರುವವರನ್ನು ಬೇಕಾದಷ್ಟು ಬೈದಿದ್ದೇನೆ. ನೀವೂ ಓದಿ "ಬರೋಬ್ಬರಿ ಬರ್ದೀರಿ ಮೇಡಂ" ಅಂತ ಫೋನ್ ಮಾಡಿದ್ದೀರಿ. ಅದಕ್ಕೇ ಈ ವಾರ ಈ ಸಂಗತಿ ಬರೆಯಲು ಸ್ವಲ್ಪ ಮುಜುಗರವಾಗುತ್ತಿದೆ.

ನಮ್ಮದು ಊರಂಚಿನ ಹೊಸ ಲೇಔಟ್. ರೈಸ್ ಮಿಲ್ಲಿನವರು, ಗೊಬ್ಬರದ ಅಂಗಡಿಯವರು, ಕಂಟ್ರ್ಯಾಕ್ಟರುಗಳು, ಮೆಡಿಕಲ್ ಶಾಪ್ ಇಟ್ಟುಕೊಂಡ ನಮ್ಮಂಥವರು ಇಲ್ಲಿದ್ದೇವೆ. ಮನೆ ಮನೆಗೂ ಕಾರು, ಗೋಡೆಗೆ ಗ್ರಾನೈಟ್ ಫಲಕ. ರಾತ್ರಿ ಊಟದ ಪಾತ್ರೆ ಸದ್ದು ನಿಂತರೆ ಆಮೇಲೆ ನಾಯಿಗಳದ್ದು ಮಾತ್ರ ಸದ್ದು. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಗಿತ್ತು. ಆದರೆ ಆ ಗಡಿಬಿಡಿ ಗದ್ದೆಯದು, ನಮ್ಮದಲ್ಲ.

ಅಂಥದ್ದೊಂದು ರಾತ್ರಿ, ಎಲ್ಲರೂ ಗಾಢ ನಿದ್ದೆಯಲ್ಲಿರುವ ಹೊತ್ತಿಗೆ, ರಸ್ತೆಯ ಆ ತುದಿಯಿಂದ ಒಬ್ಬ ಹೆಂಗಸಿನ ದನಿ ಬಂತು.

"ಹುಲಿಗೆಮ್ಮಾ..."

ಒಂದೇ ಸಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಂದಿನ ಮನೆಯ ಹತ್ತಿರದಿಂದ "ಯಂಕಮ್ಮಾ..." ಮತ್ತೆ ಏನೂ ಇಲ್ಲ. ಅದರ ಮುಂದಿನ ಮನೆ. "ಸಣ್ಣ ದುರುಗಮ್ಮಾ..." ಒಂದೊಂದು ಮನೆಗೆ ಒಂದೊಂದು ಹೆಸರು, ಒಂದೊಂದೇ ಸಲ. ದನಿ ಹತ್ತಿರ ಬರುತ್ತಾ ಹೋಯಿತು. ಕೊನೆಗೆ ನಮ್ಮ ಗೇಟಿನ ಚಿಲಕ ಕಿರ್ ಅಂದಿತು.

"ಮರಿಯಮ್ಮಾ..."

ಪಕ್ಕದಲ್ಲಿ ನನ್ನ ಗಂಡ ಎಚ್ಚರವಿದ್ದರು. ನಾನೂ ಎಚ್ಚರವಿದ್ದೆ. ಇಬ್ಬರೂ ನಿದ್ದೆ ಹತ್ತಿದವರ ಹಾಗೆ ಉಸಿರಾಡುತ್ತಾ ಬಿದ್ದುಕೊಂಡಿದ್ದೆವು. ಬೆಳಗಾದ ಮೇಲೆ "ರಾತ್ರಿ ಏನಾದ್ರೂ ಕೇಳಿಸ್ತೇನ್ರೀ?" ಅಂತ ಕೇಳಿದೆ. "ಇಲ್ಲಲ್ಲ. ನಿನಗ?" ಅಂದರು. ನಾನೂ ಇಲ್ಲ ಅಂದೆ.

ಆದರೆ ಲೇಔಟಿನ ವಾಟ್ಸಾಪ್ ಗ್ರೂಪ್ ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳು ಬರುವ ಜಾಗದಲ್ಲಿ ಒಂದೇ ಪ್ರಶ್ನೆ: ನಿಮಗೂ ಕೇಳಿಸಿತಾ? ಎಲ್ಲರಿಗೂ ಕೇಳಿಸಿತ್ತು. ಯಾರೂ ಎದ್ದಿರಲಿಲ್ಲ.

ಗ್ರೂಪಿನ ಅಡ್ಮಿನ್ ವೀರೇಶಣ್ಣ. ರೈಸ್ ಮಿಲ್ಲಿನಲ್ಲಿ ಮ್ಯಾನೇಜರ್, ನಮ್ಮ ಎದುರು ಮನೆ. ಅವರ ಮನೆಗೆ ಸಿಸಿ ಕ್ಯಾಮೆರಾ ಇದೆ. ಎರಡನೇ ರಾತ್ರಿಯೂ ಕೂಗು ಬಂದ ಮೇಲೆ ಅವರು ಧೈರ್ಯ ಮಾಡಿ ಆ ವಿಡಿಯೋ ಗ್ರೂಪಿಗೆ ಹಾಕಿದರು. ಅದರಲ್ಲಿ ಅವರ ಗೇಟು ಮೆಲ್ಲಗೆ ಅಲ್ಲಾಡುತ್ತದೆ. ಚಿಲಕ ಮೇಲೆ ಏಳುತ್ತದೆ, ಕೆಳಗೆ ಬೀಳುತ್ತದೆ. ಮನುಷ್ಯರು ಯಾರೂ ಇಲ್ಲ! (ಕ್ಯಾಮೆರಾ ಇಟ್ಟಿರುವುದು ಕಾರು ಕಾಯಲಿಕ್ಕೆ. ಕಾಂಪೌಂಡಿನ ಆಚೆ ಗೋಡೆಗಿಂತ ಗಿಡ್ಡಗಿರುವ ಯಾರೇ ನಿಂತರೂ ಅದಕ್ಕೆ ಕಾಣುವುದಿಲ್ಲ. ಇದು ಹೊಳೆದದ್ದು ಆಮೇಲೆ.) ಆ ದಿನ ಸಂಜೆಯೊಳಗೆ ನಮ್ಮ ರಸ್ತೆಯ ಗೇಟುಗಳಿಗೆಲ್ಲ ಹಳೇ ಚಪ್ಪಲಿ, ಕಸಬರಿಗೆ ನೇತಾಡತೊಡಗಿದವು. ಗ್ರಾನೈಟ್ ಫಲಕದ ಕೆಳಗೇ.

ನಾನು ನಮ್ಮ ಗೇಟಿಗೆ ಕಟ್ಟಲು ಬಿಡಲಿಲ್ಲ. ನಕ್ಕೆ. "ಕರೀತಿರೋದು ನಮ್ಮ ಹೆಸರೇ ಅಲ್ಲಲ್ಲ, ನಾವ್ಯಾಕ ಹೆದರ್ಬೇಕು?" ಅಂತ ವೀರೇಶಣ್ಣನ ಹೆಂಡತಿ ಸುವರ್ಣಾಗೆ ಹೇಳಿದೆ.

ನಿಜವೇ. ನಮ್ಮ ಲೇಔಟಿನಲ್ಲಿ ಹುಲಿಗೆಮ್ಮ ಇಲ್ಲ, ಯಂಕಮ್ಮ ಇಲ್ಲ, ಮರಿಯಮ್ಮ ಅಂತೂ ಇಲ್ಲವೇ ಇಲ್ಲ. ನಮ್ಮಲ್ಲಿರುವುದು ಸುವರ್ಣಾ, ಶೈಲಜಾ, ಅನ್ನಪೂರ್ಣಾ. ಹಿರಿಯರಾದರೆ ಬಸಮ್ಮ, ಶರಣಮ್ಮ. ಹೆಸರು ಕೇಳಿದರೆ ಸಾಕು, ಯಾವ ಓಣಿಯವರು ಅಂತ ಹೇಳಿಬಿಡುವ ಊರು ನಮ್ಮದು. ಆ ಹೆಸರುಗಳು ನಮ್ಮ ಓಣಿಯವಲ್ಲ.

ಸುವರ್ಣಾ ನನ್ನ ಮುಖವನ್ನೇ ನೋಡಿದಳು. "ಹೆದರಿಕಿ ಬರೋದು ಅದಕ್ಕರೀ ವೈನಿ. ನಮ್ಮನ್ನ ಕರಿಯಾಕತ್ತಿಲ್ಲ ಅಂದ್ರ ಯಾರನ್ನ ಕರಿಯಾಕತ್ತೈತಿ? ನಮ್ಮ ಮನಿ ಒಳಗ ಯಾರದಾರ?"

ನನ್ನ ನಗು ಅಲ್ಲಿಗೆ ನಿಂತಿತು.

ಮುಂದಿನ ರಾತ್ರಿ ನಾನೂ ನನ್ನ ಗಂಡನೂ ಮಲಗಲೇ ಇಲ್ಲ. ಲೈಟು ಆರಿಸಿ ಕಿಟಕಿಯ ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕೂತೆವು. ಬಂತು. ಬೀದಿದೀಪದ ಕೆಳಗೆ ಬಂದಾಗ ಕಂಡದ್ದು ಒಬ್ಬ ಮುದುಕಿ. ಗಿಡ್ಡ, ಒಣಕಲು. ಗದ್ದೆಗೆ ಇಳಿಯುವವರ ಹಾಗೆ ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಸಿಕ್ಕಿಸಿದ್ದಳು. ಸೀರೆ ಅನ್ನುವುದು ಸೀರೆಯಾಗಿ ಉಳಿದಿರಲಿಲ್ಲ. ಮೀನಖಂಡದವರೆಗೆ ಕೆಸರು. ನಮ್ಮದು ಸಿಮೆಂಟ್ ರಸ್ತೆ, ಮಳೆ ಬಂದು ಎಷ್ಟೋ ದಿನವಾಗಿತ್ತು.

ನನ್ನ ಗಂಡ ದೊಡ್ಡ ಉಸಿರು ಬಿಟ್ಟರು. "ಯಾರೋ ಬೀದ್ಯಾಗ ಮಲಗೋ ಮುದುಕಿ ಅದು. ತೆಲಿ ಕೆಟ್ಟೈತಿ ಪಾಪ." ಹೆದರಿಕೆ ಹೋಯಿತು ನೋಡಿ, ಸಿಟ್ಟು ಬಂತು. ಇಷ್ಟು ದಿನ ಇಡೀ ಲೇಔಟನ್ನು ಹೆದರಿಸಿದ್ದು ಇವಳೇ? ದೆವ್ವವಾಗಿದ್ದರೆ ನಾವು ಮರ್ಯಾದೆಯಿಂದ ಹೆದರುತ್ತಿದ್ದೆವು. ಮನುಷ್ಯಳು ಅಂತ ಗೊತ್ತಾದ ಕೂಡಲೇ 112ಕ್ಕೆ ಫೋನ್ ಮಾಡಿದೆವು. ಕರೆ ಮಾಡಿದ್ದು ನಾನೇ. "ಸಾರ್ವಜನಿಕರಿಗೆ ತೊಂದರೆ" ಅಂದೆ. ಆ ಹೊತ್ತಿನಲ್ಲಿ ಅಷ್ಟು ಶುದ್ಧ ಕನ್ನಡ ಎಲ್ಲಿಂದ ಬಂತೋ ಗೊತ್ತಿಲ್ಲ.

ಜೀಪು ಬೇಗ ಬಂತು. ಒಬ್ಬ ಡ್ರೈವರ್, ಹವಾಲ್ದಾರ್ ಮುದುಕಪ್ಪ, ಜೊತೆಗೆ ಸುಜಾತಾ ಅಂತ ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಪೊಲೀಸರು ಬಂದರಲ್ಲ, ಬಾಗಿಲುಗಳೆಲ್ಲ ತೆರೆದುಕೊಂಡವು. ನೈಟಿ, ಲುಂಗಿ, ಮೊಬೈಲ್ ಟಾರ್ಚು. ನಮ್ಮ ಅತ್ತೆಯೂ ಸೆರಗು ಹೊದ್ದು ನನ್ನ ಪಕ್ಕ ಬಂದು ನಿಂತರು.

ಮುದುಕಿ ಓಡಿಹೋಗಲಿಲ್ಲ. ಜೀಪನ್ನು ನೋಡಿ ಅವಳ ಮುಖ ಅರಳಿತು. ನೇರ ಡ್ರೈವರ್ ಹತ್ತಿರ ಹೋಗಿ ಗದರಿದಳು.

"ಇಷ್ಟೊತ್ತಿಗೇನೋ ಗಾಡಿ ತರೋದು? ಬಿಸಲೇರಿದ ಮ್ಯಾಲ ಸಸಿ ಹಚ್ತಾರೇನು? ಹಿಂದಿಂದು ಬಾಗಲ ತಗಿ."

ಹವಾಲ್ದಾರರು "ಯವ್ವಾ, ಯಾವೂರು ನಿಂದು? ಹೆಸರೇನು?" ಅಂತ ಕೇಳಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಹೇಗೂ ಅವಳು ಗಾಡಿ ಹತ್ತಿದರೆ ಸಾಕಲ್ಲ ಅಂತ ಅವರೇ ಹೋಗಿ ಜೀಪಿನ ಹಿಂದಿನ ಬಾಗಿಲು ತೆರೆದರು.

ಅವಳು ಹತ್ತಲಿಲ್ಲ. ಬಾಗಿಲು ಹಿಡಿದು ಪಕ್ಕಕ್ಕೆ ನಿಂತಳು.

"ಹುಲಿಗೆಮ್ಮಾ, ಹತ್ತು."

ಒಬ್ಬ ಮನುಷ್ಯಳು ಸೀರೆ ಎತ್ತಿಕೊಂಡು ಜೀಪು ಹತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. "ಯಂಕಮ್ಮಾ, ನೀ ಆ ಕಡಿ ಸರಿ. ಕಾಲು ಒಳಗ ತಗೋ." ಮತ್ತೆ ಕಾದಳು. "ಸಣ್ಣ ದುರುಗಮ್ಮಾ, ಬುತ್ತಿ ತಂದಿಯಿಲ್ಲೇನಬೇ ಇವತ್ತರ?" ಅಂತ ಕೇಳಿ, ಯಾರದೋ ಉತ್ತರಕ್ಕೆ ಕಿವಿಗೊಟ್ಟವಳ ಹಾಗೆ ತಲೆ ಓರೆ ಮಾಡಿದಳು. ಆಮೇಲೆ ನಕ್ಕಳು. ಒಳಗೆ ಕೂತವರು ಯಾರೋ ತಮಾಷೆ ಮಾಡಿದ್ದರು. ನಮಗೆ ಕೇಳಿಸಲಿಲ್ಲ, ಅಷ್ಟೇ.

ಯಾರೂ ನಗಲಿಲ್ಲ. ವೀರೇಶಣ್ಣ ವಿಡಿಯೋ ಮಾಡಲು ಎತ್ತಿದ್ದ ಮೊಬೈಲನ್ನು ಮೆಲ್ಲಗೆ ಕೆಳಗಿಳಿಸಿದರು. "ಸರೀರಿ, ಸರೀರಿ, ಜಾಗ ಐತಿ" ಅನ್ನುತ್ತಾ ಅವಳು ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದಳು. ಒಮ್ಮೆ ಹವಾಲ್ದಾರ್ ಮುದುಕಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಯಾಕೆ ಸರಿದೆ ಅಂತ ಅವರಿಗೇ ಹೊಳೆಯದೆ ತಮ್ಮ ಕಾಲನ್ನು ನೋಡಿಕೊಂಡರು. ದಾರಿ ಬಿಟ್ಟಿದ್ದರು. ಡ್ರೈವರ್ ಕೈ ಚಾಚಿ ಹಿಂದಿನ ಸೀಟು ಕಾಣುವ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿಬಿಟ್ಟ.

ಅಷ್ಟು ಹೊತ್ತಿಗೆ ಅಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು. ನಾಟಿ ಗುಂಪು! ನಮ್ಮ ಭಾಗದಲ್ಲಿ ಹುಟ್ಟಿದವರು ಈ ಕೂಗನ್ನು ಕೇಳದೆ ಬೆಳೆದಿರಲಿಕ್ಕಿಲ್ಲ. ಮಸ್ಕಿ, ಲಿಂಗಸೂಗೂರಿನ ಆಚೆಯ ಒಣಭೂಮಿಯಿಂದ ಹೆಂಗಸರು ನಾಟಿಗೆ ಅಂತ ಇಲ್ಲಿಗೆ ಬರುತ್ತಾರೆ, ಕಾಲುವೆ ಬದಿಯಲ್ಲಿ ಗುಡಿಸಲು ಹಾಕುತ್ತಾರೆ. ಗುಂಪಿನ ಹಿರಿಯಾಕೆ ಮೇಸ್ತ್ರಿ. ಇನ್ನೂ ಕತ್ತಲಿರುವಾಗಲೇ ಎದ್ದು ಗುಡಿಸಲಿಂದ ಗುಡಿಸಲಿಗೆ ಹೋಗಿ ಹೆಸರು ಕೂಗುತ್ತಾಳೆ. ಒಂದೇ ಸಲ. ಮೂರು ಮೂರು ಸಲ ಕೂಗುತ್ತಾ ನಿಂತರೆ ಗಾಡಿ ಹೋಗಿಬಿಡುತ್ತದೆ, ಕೂಲಿ ಹೋಗುತ್ತದೆ.

ನನ್ನ ಅತ್ತೆ ಮೆಲ್ಲಗೆ ಹೇಳಿದರು. "ಪ್ಲಾಟ್ ಆಗೂ ಮುಂಚೆ ಇಲ್ಲೇ ಸಾಲಾಗಿ ಗುಡಿಸಲಿದ್ವು. ನಾನೇ ನೋಡೀನಿ."

ಅಂದರೆ ಅವಳು ಮನೆ ತಪ್ಪಿ ಕೂಗುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ನಾವೇ ಬೇರೆಯವರ ಗುಡಿಸಲಲ್ಲಿ ಮಲಗಿದ್ದೆವು.

ಕೆಲಸಕ್ಕೆ ಎಬ್ಬಿಸುವ ದನಿಯನ್ನು ನಾವು ದೆವ್ವದ ದನಿ ಅಂದುಕೊಂಡಿದ್ದೆವಲ್ಲ, ಇದನ್ನು ಏನನ್ನಬೇಕು? ನಮ್ಮ ರಸ್ತೆಯ ಅರ್ಧ ಮನೆಗಳ ಕಾರು ಬಂದದ್ದು ಅದೇ ಭತ್ತದಿಂದ. ಆ ಭತ್ತ ಹಚ್ಚಲು ಯಾರೋ ಯಾರನ್ನೋ ಹೀಗೆ ಎಬ್ಬಿಸಿದ್ದರು. ನಾಟಿಯ ದಿನಗಳಲ್ಲಿ ಈಗಲೂ ಎಬ್ಬಿಸುತ್ತಾರೆ, ನಮ್ಮ ನಿದ್ದೆಗೆ ಕೇಳಿಸದಷ್ಟು ದೂರದಲ್ಲಿ.

ಎಲ್ಲರನ್ನೂ ಹತ್ತಿಸಿದ ಮೇಲೆ ಮುದುಕಿ ಜೀಪಿನೊಳಗೆ ಕಣ್ಣಾಡಿಸಿದಳು. ಬೆರಳು ಮಡಚಿ ಎಣಿಸಿದಳು. ತಲೆ ಅಲ್ಲಾಡಿಸಿದಳು. ಸೀದಾ ನಮ್ಮ ಗೇಟಿನ ಹತ್ತಿರ ಬಂದಳು.

"ಮರಿಯಮ್ಮಾ..."

ಕೂಗಿ, ನಮ್ಮ ಬಾಗಿಲನ್ನೇ ನೋಡುತ್ತಾ ನಿಂತಳು.

ಹವಾಲ್ದಾರರು "ನೀ ಹತ್ತವ್ವಾ, ಆಕಿ ಆಮ್ಯಾಲ ಬರ್ತಾಳ" ಅಂದರು. "ಆಕಿ ಬರಲಾರದ ಗಾಡಿ ಬಿಡಂಗಿಲ್ಲ" ಅಂದಳು. ಅವಳ ದನಿಯಲ್ಲಿ ಹುಚ್ಚು ಇರಲಿಲ್ಲ. ಕೆಲಸದವರನ್ನು ಹತೋಟಿಯಲ್ಲಿ ಇಟ್ಟು ಗೊತ್ತಿದ್ದವರ ದನಿ ಅದು.

ವೀರೇಶಣ್ಣನಿಗೆ ತಾಳ್ಮೆ ಮುಗಿಯಿತು. "ಸರ್, ಇದಕ್ಕೆಲ್ಲ ಟೈಮ್ ಹಾಳು ಮಾಡಬ್ಯಾಡ್ರಿ. ಕೈಕಾಲು ಹಿಡದು ಎತ್ತಿಬಿಡೂಣು. ಫಸ್ಟ್ ಬಸ್ಸಿಗೆ ಹಾಕಿ ಮಸ್ಕಿ ದಾಟಿಸಿಬಿಟ್ರ ನಮ್ಮ ಹದ್ದು ಮುಗೀತು. ಹ್ವಾದ ವರ್ಷ ಆ ಹುಚ್ಚನ್ನ ಹಂಗೇ ಕಳಿಸಿದ್ವಿ."

"ಮಸ್ಕಿಯವ್ರು ಸುಮ್ನ ಇಟ್ಗೋತಾರೇನ್ರೀ?" ಅಂದರು ಹವಾಲ್ದಾರ್. "ಅವ್ರು ತಿರುಗಿ ನಿಮ್ಮ ಕಡಿ ಬಸ್ಸಿಗೆ ಹಾಕ್ತಾರ."

ಈ ಮುದುಕಿ ಸಿಂಧನೂರಿಗೆ ಬಂದದ್ದೂ ಬಹುಶಃ ಹಾಗೆಯೇ. ಯಾವುದೋ ಊರಿನ ಇನ್ಯಾರೋ ವೀರೇಶಣ್ಣ ಹತ್ತಿಸಿದ ಬಸ್ಸಿನಲ್ಲಿ. ಆದರೆ ಆಗಲೇ ಇಬ್ಬರು ಮೂವರು ಗಂಡಸರು ಅಂಗಿಯ ತೋಳು ಮಡಚುತ್ತಾ ಮುಂದೆ ಬಂದಿದ್ದರು. ಅವಳ ತೋಳು ನನ್ನ ಮುಂಗೈಗಿಂತ ತೆಳ್ಳಗಿತ್ತು. ಎಳೆದರೆ ಕೈಗೆ ಬಂದುಬಿಡುತ್ತದೆ ಅನ್ನಿಸಿತು ನನಗೆ.

ಕಾನ್‌ಸ್ಟೇಬಲ್ ಸುಜಾತಾ ಅಡ್ಡ ಬಂದಳು. ಸಣ್ಣ ವಯಸ್ಸಿನ ಹುಡುಗಿ, ಲಿಂಗಸೂಗೂರು ಕಡೆಯವಳು. "ಒಂದು ನಿಮಿಷ ಇರ್ರಿ" ಅಂತ ಗಂಡಸರನ್ನು ತಡೆದು ಮುದುಕಿಯ ಹೆಗಲ ಮೇಲೆ ಕೈ ಇಟ್ಟಳು.

"ಯಮ್ಮಾ, ಆಕೀನ್ನ ಬಿಟ್ಟು ಹ್ವಾದ್ರ ಏನಾಗ್ತೈತಿ?"

"ಒಮ್ಮಿ ಬಿಟ್ಟು ಹ್ವಾದ್ನೆಲ್ಲ" ಅಂದಳು ಮುದುಕಿ. ಇದೇ ಮೊದಲ ಸಲ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದು. "ಬಸರಿ ಇದ್ಲು. ದಿನ ತುಂಬಿದ್ವು. ನಸುಕಿನ್ಯಾಗ ಕರದೆ, ಓ ಅನ್ಲಿಲ್ಲ. ನಿದ್ದಿ ಹತ್ತೈತಿ, ಮಲಗ್ಲಿ ಪಾಪ ಅಂತ ಗಾಡಿ ಬಿಡಿಸ್ದೆ. ಸಂಜೀಕ ತಿರುಗಿ ಬಂದ್ವಿ. ತಟ್ಟಿ ಬಾಗಲ ತಗದೆ..."

ಅಲ್ಲಿಗೆ ನಿಲ್ಲಿಸಿದಳು. ಹೆಂಗಸರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು. ಆ ಗುಡಿಸಲಲ್ಲಿ ಅವಳು ಏನು ಕಂಡಳು ಅಂತ ಯಾರೂ ಕೇಳಲಿಲ್ಲ. ತೋಳು ಮಡಚಿದ ಗಂಡಸರು ಅಲ್ಲೇ ನಿಂತರು.

ಮುದುಕಿ ಮುಖ ಒರೆಸಿಕೊಂಡು ಮತ್ತೆ ನಮ್ಮ ಬಾಗಿಲ ಕಡೆ ತಿರುಗಿ ಕೂಗಿದಳು. ಸುಜಾತಾ ತಟ್ಟನೆ "ಬಂದೆ ಯಕ್ಕಾ!" ಅಂದಳು. ಒಳ್ಳೇ ಉಪಾಯ, ಮುಗಿಯಿತು ಅಂದುಕೊಂಡೆವು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನ್ಯಾಕ ಓ ಅಂತಿ? ನೀ ರಸ್ತೆದಾಗ ನಿಂತಿ. ಆಕಿ ಒಳಗದಾಳ."

ಎಲ್ಲರೂ ನಮ್ಮ ಮನೆಯ ಕಡೆ ನೋಡಿದರು. ನಾನೂ ನೋಡಿದೆ. ನಮ್ಮ ಮನೆ. ಸಾಲ ತೀರಿಸಿ, ಟೈಲ್ಸ್ ಆರಿಸಿ, ಗೃಹಪ್ರವೇಶ ಮಾಡಿದ ಮನೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲೆ. ಮೊದಲ ಸಲ ಅದು ಯಾರ ಮನೆಯೋ ಅನ್ನಿಸಿತು.

"ಮೇಡಂ" ಅಂದರು ಹವಾಲ್ದಾರ್, "ನೀವೊಮ್ಮೆ ಒಳಗ ಹೋಗಿ ಬಂದೆ ಅಂದುಬಿಡ್ರಿ. ಒಂದು ಮಾತು. ಆಕಿ ಸಮಾಧಾನದಿಂದ ಗಾಡಿ ಹತ್ತಿದ್ರ ನಾವು ಆಸ್ಪತ್ರಿಗೆ ಕರಕೊಂಡು ಹೋಗ್ತೀವಿ. ಎಳದಾಡೋದು ತಪ್ಪುತೈತಿ."

ಎಷ್ಟು ಸುಲಭ! ಒಂದು ಮಾತು. ನಾನು ಹ್ಞೂಂ ಅಂದೆ. ಅತ್ತೆ ನನ್ನ ರಟ್ಟೆ ಹಿಡಿದರು. "ಬ್ಯಾಡಬೇ. ಒಂದ ಸಲಕ್ಕ ಓ ಅನಬಾರ್ದು." ನಾನು ಕೈ ಬಿಡಿಸಿಕೊಂಡು ಹೊಸ್ತಿಲವರೆಗೂ ಹೋದೆ. ಒಂದು ಕಾಲು ಒಳಗೆ ಇಟ್ಟೆ.

ಇನ್ನೊಂದು ಕಾಲು ಹೊರಗೇ ಉಳಿಯಿತು.

ಸಾಯುವ ಹೆದರಿಕೆಯಲ್ಲ ಅದು, ನಿಮ್ಮಾಣೆ. ಬೇರೆಯೇ ಒಂದು ಯೋಚನೆ ಬಂತು. ನಾನು ಓ ಅನ್ನುತ್ತೇನೆ. ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ಇನ್ನೊಬ್ಬಳು ಓ ಅಂದರೆ? ಇಷ್ಟು ವರ್ಷ ಓ ಅನ್ನಲು ಅಲ್ಲೇ ಕಾಯುತ್ತಾ ಮಲಗಿದ್ದವಳು? ಮೂಢನಂಬಿಕೆ ಬಗ್ಗೆ ಪುಟಗಟ್ಟಲೆ ಬರೆದ ನಾನು ನನ್ನದೇ ಮನೆಯ ಹೊಸ್ತಿಲ ಮೇಲೆ ಬೆವೆತು ನಿಂತಿದ್ದೆ. ಹಿಂದೆ ಇಡೀ ರಸ್ತೆ ನೋಡುತ್ತಿತ್ತು.

"ಸರಿಯಬೇ" ಅಂದರು ಅತ್ತೆ, ನನ್ನ ಬೆನ್ನ ಹಿಂದಿನಿಂದ. "ನಿನಗ ಸಣ್ಣ ಮಕ್ಕಳದಾವು. ನಾ ಹೋಗ್ತೀನಿ."

ನಮ್ಮ ಅತ್ತೆ ಶರಣಮ್ಮ. ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಆ ಒಂದೇ ಕೂಗಿನ ವಿಷಯವನ್ನು ಪೂರಾ ನಂಬುವವರು. ಓ ಅಂದರೆ ಎದ್ದು ಹೋಗಬೇಕಾಗುತ್ತದೆ ಅಂತ ಅವರಿಗೆ ಗೊತ್ತು, ಅಂದರೆ ಅವರ ಲೆಕ್ಕದಲ್ಲಿ ಅದು ಖಾತ್ರಿ. ನನಗೆ ಇದ್ದದ್ದು ಬರೀ ಅಂಜಿಕೆ. ಹೋಗುವಾಗ ಅವರು ಹಿಂದೆ ತಿರುಗಿ ಮಗನ ಮುಖವನ್ನು ಒಮ್ಮೆ ನೋಡಿದರು. ನನ್ನ ಗಂಡ "ಯವ್ವಾ..." ಅನ್ನುವಷ್ಟರಲ್ಲಿ ಕತ್ತಲಲ್ಲಿ ಒಳಗೆ ಹೋಗಿಬಿಟ್ಟರು. ಲೈಟು ಹಾಕಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳದ ಸದ್ದಾಯಿತು.

ಮುದುಕಿ ಕಾಯುತ್ತಿದ್ದಳು. ನಾವೆಲ್ಲ ಕಾಯುತ್ತಿದ್ದೆವು.

"ಬಂದೆ ಯಕ್ಕಾ..."

ನಮ್ಮ ಅತ್ತೆಯದೇ ದನಿ ಇರಬೇಕು. ಮನೆಯೊಳಗೆ ಬೇರೆ ಯಾರೂ ಎದ್ದಿರಲಿಲ್ಲ. ಆದರೆ ಅದು ನಾನು ದಿನಾ ಕೇಳುವ ದನಿಯಾಗಿರಲಿಲ್ಲ. ತೆಳ್ಳಗಿತ್ತು. ನಿದ್ದೆಗಣ್ಣಲ್ಲಿ ಎದ್ದವರದ್ದಿತ್ತು. ನನ್ನ ಗಂಡನ ಕಡೆ ನೋಡಿದೆ. ಅವರೂ ಬಾಗಿಲನ್ನೇ ನೋಡುತ್ತಿದ್ದರು, ಯಾರು ಹೊರಗೆ ಬರುತ್ತಾರೋ ಅನ್ನುವ ಹಾಗೆ.

ಬಂದವರು ಅತ್ತೆಯೇ. ತಲೆ ತುಂಬ ಸೆರಗು, ಕಂಕುಳಲ್ಲಿ ರೊಟ್ಟಿಯ ಗಂಟು. ಗೇಟಿನವರೆಗೂ ಬಂದು ನಿಂತರು. ಮುದುಕಿ ಅವರ ಮುಖ ನೋಡಲಿಲ್ಲ. ಹೊಟ್ಟೆ ನೋಡಿದಳು.

"ಹಡದಿಯೇನು?"

ಇದಕ್ಕೆ ಏನು ಹೇಳಬೇಕು ಅಂತ ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

"ಹಡದೆ ಯಕ್ಕಾ" ಅಂದರು ಅತ್ತೆ.

"ಕೂಸು?"

ಅತ್ತೆ ತಿರುಗಿ ಕತ್ತಲ ಬಾಗಿಲನ್ನು ನೋಡಿದರು. "ಒಳಗ ಮಲಗೇತಿ."

"ಅಳಾಕತ್ತಿಲ್ಲಲ್ಲ?"

"ಇಲ್ಲ. ಹಾಲು ಕುಡದು ಮಲಗೇತಿ."

ಮುದುಕಿಯ ಮೈಯೆಲ್ಲ ಸಡಿಲಾಯಿತು. ಇಷ್ಟು ಹೊತ್ತು ಅವಳನ್ನು ನಿಲ್ಲಿಸಿದ್ದ ಏನೋ ಒಂದು ಬಿಟ್ಟುಹೋದ ಹಾಗೆ ಗೇಟು ಹಿಡಿದುಕೊಂಡಳು. ಆಮೇಲೆ ನಮ್ಮ ಅತ್ತೆಯ ಎದೆಗೆ ಕೈ ಇಟ್ಟು ಹಿಂದಕ್ಕೆ ನೂಕಿದಳು.

"ಹಂಗಾದ್ರ ನೀ ಯಾಕ ಬರಾಕತ್ತೀ? ಎಳೇ ಕೂಸಿನ್ನ ಬಿಟ್ಟು ಬರ್ತಾರೇನು ಹುಚ್ಚಿ? ನೀ ಮನ್ಯಾಗಿರು. ಬುತ್ತಿ ಕೊಡಿಲ್ಲಿ."

ರೊಟ್ಟಿಯ ಗಂಟು ಇಸಿದುಕೊಂಡಳು. ಯಾರ ಸಹಾಯವೂ ಇಲ್ಲದೆ ಜೀಪು ಹತ್ತಿದಳು. ಕೂರುವ ಮುಂಚೆ "ಸರೀರಿ" ಅಂದಳು. ಸುಜಾತಾ ಹಿಂದೆ ಹತ್ತಲು ಹೋದವಳು, ಜಾಗ ನೋಡಿ ತಡವರಿಸಿ, ಮುಂದೆ ಹೋಗಿ ಕೂತಳು. ಜೀಪು ಹೊರಟುಹೋಯಿತು. ರಸ್ತೆಯ ಉಬ್ಬಿನ ಹತ್ತಿರ ಡ್ರೈವರ್ ಎಷ್ಟು ನಿಧಾನ ಮಾಡಿದ ಅಂದರೆ, ಗಾಡಿ ತುಂಬ ಜನರಿದ್ದರೆ ಮಾತ್ರ ಹಾಗೆ ಮಾಡುತ್ತಾರೆ.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಪೊಲೀಸರಿಗೆ ಧನ್ಯವಾದ, ಕೈಮುಗಿಯುವ ಚಿತ್ರಗಳು, 'ಪ್ರಾಬ್ಲಮ್ ಸಾಲ್ವ್ಡ್'. ಗೇಟಿನ ಚಪ್ಪಲಿ, ಕಸಬರಿಗೆ ಯಾರೂ ಬಿಚ್ಚಿಲ್ಲ. ಈಗಲೂ ಇವೆ.

ಆಸ್ಪತ್ರೆಯ ಬಾಗಿಲಲ್ಲಿ ಅವಳು ತಾನು ಮೊದಲು ಇಳಿಯಲಿಲ್ಲವಂತೆ. ಎಲ್ಲರನ್ನೂ ಹೆಸರು ಹಿಡಿದು ಇಳಿಸಿ ಆಮೇಲೆ ಇಳಿದಳಂತೆ. ಸುಜಾತಾ ಫೋನಿನಲ್ಲಿ ಹೇಳಿದಳು. ಅವಳ ಹೆಸರು ಏನು ಅಂತ ಮಾತ್ರ ಇವತ್ತಿನವರೆಗೂ ಗೊತ್ತಾಗಿಲ್ಲ. ಅಷ್ಟು ಜನರ ಹೆಸರು ಕೂಗಿದವಳನ್ನು ಹೆಸರಿಟ್ಟು ಕೂಗುವವರು ಯಾರೂ ಬಂದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಸುಜಾತಾಳೇ ಓಡಾಡಿ ಲಿಂಗಸೂಗೂರಿನ ಹತ್ತಿರ ನಿವೃತ್ತ ನರ್ಸ್ ಒಬ್ಬರು ನಡೆಸುವ ಆಶ್ರಯದಲ್ಲಿ ಸೇರಿಸಿದಳು. ಅಂತೂ ಮುದುಕಿ ಮಸ್ಕಿ ದಾಟಿದಳು, ವೀರೇಶಣ್ಣನ ಆಸೆಯಂತೆಯೇ. ಆದರೆ ಹೋಗಿ ಸೇರಿದ್ದು ಹಾಸಿಗೆಗೆ, ಬಸ್ ಸ್ಟ್ಯಾಂಡಿಗಲ್ಲ.

ಅಲ್ಲಿ ಈಗ ರಾತ್ರಿ ಎದ್ದು ಕೂಗುವುದಿಲ್ಲವಂತೆ. ನಿದ್ದೆ ಮಾಡುತ್ತಾಳಂತೆ.

ನಿದ್ದೆ ಬಾರದಿರುವುದು ನನಗೆ. ಆ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತದೆ. ರಸ್ತೆ ಖಾಲಿ. ಯಾರೂ ಯಾರನ್ನೂ ಕರೆಯುವುದಿಲ್ಲ. ನಾನು ಕಿವಿಗೊಡುವುದು ರಸ್ತೆಗಲ್ಲ, ಒಳಗಿನ ಕೋಣೆಗೆ. ಮೊನ್ನೆ ಮಧ್ಯಾಹ್ನ ಯಾವುದೋ ಸಿಟ್ಟಿನಲ್ಲಿ ಆ ಕೋಣೆಯ ಬಾಗಿಲನ್ನು ಧಡಾರನೆ ಹಾಕಿದೆ. ಅಡುಗೆಮನೆಯಿಂದ ಅತ್ತೆ "ಮೆತ್ತಗ ಹಾಕಬೇ!" ಅಂದರು. ಮಕ್ಕಳು ಶಾಲೆಗೆ ಹೋಗಿದ್ದರು. ಮನೆಯಲ್ಲಿ ಮಲಗಿದವರು ಯಾರೂ ಇರಲಿಲ್ಲ. ಅವತ್ತಿನಿಂದ ನಾನೂ ಮೆತ್ತಗೇ ಹಾಕುತ್ತೇನೆ.

ಅತ್ತೆಗೆ ಏನೂ ಆಗಿಲ್ಲ, ನೀವು ಕೇಳುವ ಮುಂಚೆ ಹೇಳಿಬಿಡುತ್ತೇನೆ. ಗಟ್ಟಿಮುಟ್ಟಾಗಿದ್ದಾರೆ. ಆಗಾಗ ಲಿಂಗಸೂಗೂರು ಬಸ್ಸು ಹತ್ತುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಮುದುಕಿಯ ಹತ್ತಿರ ಕೂತು ಬರುತ್ತಾರೆ. ಹೋದಲ್ಲೆಲ್ಲ ಅವರು ಶರಣಮ್ಮ, ಅಲ್ಲಿ ಮಾತ್ರ ಮರಿಯಮ್ಮ. ಮುದುಕಿ ಪ್ರತಿ ಸಲವೂ ಕೂಸಿನ ಸುದ್ದಿ ಕೇಳುತ್ತಾಳಂತೆ. ಅತ್ತೆ ಹೇಳುತ್ತಾರಂತೆ: ಬೋರಲು ಬಿದ್ದಿತು, ಅಂಬೆಗಾಲಿಡುತ್ತದೆ, ಒಂದು ಹಲ್ಲು ಬಂದಿದೆ.

"ಅತ್ತಿ, ಸುಳ್ಳು ಇನ್ನಾ ಎಷ್ಟು ದಿನ ಹೇಳ್ತೀರಿ?" ಅಂತ ನಿನ್ನೆ ಕೇಳಿದೆ. ಬಸ್ಸಿನ ಹೊತ್ತಾಗಿತ್ತು. ಅವರು ಬುತ್ತಿ ಕಟ್ಟುತ್ತಿದ್ದರು. ಗಂಟು ಬಿಗಿದು, ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಹೆಣ್ಣುಕೂಸು ಅಂತ ಹೇಳೀನಿ. ಹೆಸರು ಏನಿಟ್ಟೀರಿ ಅಂತ ಕೇಳ್ಯಾಳ. ಏನಂತ ಹೇಳ್ಲೆಬೇ?"